ಚಾರಣದ ಮಡಚು ಕುರ್ಚಿ: ದೋಷವನ್ನು ನೆಲದಿಂದ ಹುಡುಕುತ್ತ ಬನ್ನಿ

ನನ್ನ ಚಾರಣದ ಕುರ್ಚಿಯ ಬಲಗಡೆಯ ಹಿಂಗಾಲು ಎರಡು ಸಲ ಮುರಿಯಿತು. ಮೊದಲ ಸಲ ಕೊಳವೆಯನ್ನು ಬೈದು ಬದಲಿ ಕೊಳವೆ ಹಾಕಿಕೊಂಡೆ. ಎರಡನೆಯ ಸಲವೂ ಅದೇ ಕಾಲು, ಕೊಳವೆಗಳು ಬಂದು ಸೇರುವ ಹಬ್‌ನಿಂದ ಹೆಬ್ಬೆರಳಿನಷ್ಟು ಕೆಳಗೆ, ಅದೇ ಜಾಗದಲ್ಲಿ ಮುರಿದಾಗ ಬೈಗುಳ ಬಾಯಿಗೆ ಬರಲಿಲ್ಲ. ಎರಡು ಬೇರೆ ಬೇರೆ ಕೊಳವೆಗಳು ಒಂದೇ ಕಡೆ ಮುರಿಯಬೇಕಾದರೆ ತಪ್ಪು ಬೇರೆಲ್ಲೋ ಇರಬೇಕು. ಆಮೇಲೆ ಹೊಳೆಯಿತು: ನಾನು ಚೀಲವನ್ನು ಯಾವಾಗಲೂ ಬಲಗಡೆ ಇಟ್ಟುಕೊಳ್ಳುತ್ತೇನೆ. ನೀರಿನ ಬಾಟಲಿ, ಟೊಪ್ಪಿ, ನಕ್ಷೆ, ಏನು ಬೇಕಾದರೂ ಕುಳಿತಲ್ಲಿಂದಲೇ ಬಲಕ್ಕೆ ಬಾಗಿ ಎತ್ತಿಕೊಳ್ಳುತ್ತೇನೆ. ಮೆತ್ತನೆಯ ನೆಲದಲ್ಲಿ ಆ ಹಿಂಗಾಲು ಮೊದಲೇ ಎರಡು ಬೆರಳು ಹೂತು, ಮಣ್ಣು ಅದನ್ನು ಕಚ್ಚಿ ಹಿಡಿದಿರುತ್ತದೆ. ಕೆಳಗೆ ಅಲುಗದ ಆ ಕಾಲನ್ನು ನಾನು ಮೇಲಿನಿಂದ ನೂರಾರು ಸಲ ಓರೆಯಾಗಿ ಬಗ್ಗಿಸಿದ್ದೆ. ಮೂರನೆಯ ಕೊಳವೆ ಹಾಕಿದ ಮೇಲೆ ಚೀಲವನ್ನು ಮುಂದೆ, ಎರಡು ಪಾದಗಳ ನಡುವೆ ಇಡುವುದನ್ನು ರೂಢಿಸಿಕೊಂಡೆ. ಆ ಕೊಳವೆ ಇವತ್ತಿಗೂ ನೆಟ್ಟಗಿದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಕುರ್ಚಿಗಳ ವಿಷಯದಲ್ಲಿ ಮಾತ್ರ ನೆಲ ಹೆಚ್ಚಿನ ಸಲ ನಿಜಕ್ಕೂ ಡೊಂಕಾಗಿಯೇ ಇರುತ್ತದೆ. ಆದ್ದರಿಂದ ಏನೇ ತೊಂದರೆ ಕಂಡರೂ ನಾನು ಕೆಳಗಿನಿಂದ ಮೇಲಕ್ಕೆ ಹುಡುಕುತ್ತೇನೆ. ಮೊದಲು ನೆಲ, ಆಮೇಲೆ ಕೂತಿರುವ ಭಂಗಿ, ಅದಾದ ಮೇಲೆ ಬಟ್ಟೆ, ಕೊನೆಗೆ ಚೌಕಟ್ಟು. ಬಿಚ್ಚಿ ನೋಡುವ ಕೆಲಸ ಚೌಕಟ್ಟಿನಲ್ಲೇ ಹೆಚ್ಚು, ತಪ್ಪು ಸಿಗುವುದು ಅಲ್ಲಿ ಕಡಿಮೆ. ಅದಕ್ಕೇ ಅದು ಕೊನೆಯಲ್ಲಿ.

ಇಲ್ಲಿ ಹೇಳುತ್ತಿರುವುದು ಚೀಲದಲ್ಲಿ ಹಿಡಿಸುವ, ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ತೂಗುವ ಕುರ್ಚಿಗಳ ಬಗ್ಗೆ. ತುಂಡು ತುಂಡಾದ ಅಲ್ಯೂಮಿನಿಯಂ ಕೊಳವೆಗಳು, ಅವುಗಳ ಒಳಗೆ ಓಡುವ ಎಲಾಸ್ಟಿಕ್ ದಾರ, ಕೊಳವೆಗಳೆಲ್ಲ ಬಂದು ಸೇರುವ ಪ್ಲಾಸ್ಟಿಕ್ ಹಬ್‌ಗಳು, ನಾಲ್ಕು ಮೂಲೆಗಳಲ್ಲಿ ಜೇಬಿರುವ ಒಂದು ಬಟ್ಟೆ, ಕಾಲುಗಳ ತುದಿಗೆ ರಬ್ಬರಿನದೋ ಪ್ಲಾಸ್ಟಿಕ್‌ನದೋ ಟೊಪ್ಪಿ. ಇಷ್ಟೇ ಇದರ ಸಂಸಾರ.

ಕಾಲುಗಳು ಹೂತುಹೋಗುತ್ತವೆ

ಅತಿ ಸಾಮಾನ್ಯ ದೂರು ಇದು, ಉಳಿದ ಅರ್ಧ ದೂರುಗಳ ಬೇರೂ ಇದೇ. ಸ್ವಲ್ಪ ಲೆಕ್ಕ ಹಾಕಿದರೆ ಕಾರಣ ಕಣ್ಣಿಗೆ ಕಟ್ಟುತ್ತದೆ. ಕಾಲಿನ ಟೊಪ್ಪಿ 2 ಸೆಂ.ಮೀ. ಅಗಲದ್ದು ಎಂದುಕೊಳ್ಳಿ. ಒಂದು ಟೊಪ್ಪಿ ನೆಲವನ್ನು ಮುಟ್ಟುವ ಜಾಗ ಸುಮಾರು 3 ಚದರ ಸೆಂ.ಮೀ., ನಾಲ್ಕೂ ಸೇರಿ 12.5. ಕುಳಿತವರ ತೂಕ 70 ಕೆ.ಜಿ. ಆದರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ ಐದೂವರೆ ಕಿಲೋಗಿಂತ ಹೆಚ್ಚಿನ ಭಾರ. ಅದೇ ಮನುಷ್ಯ ಎರಡು ಶೂಗಳ ಮೇಲೆ ನಿಂತರೆ, ಅಟ್ಟೆಗಳು ಒಟ್ಟು 300 ಚದರ ಸೆಂ.ಮೀ. ನೆಲ ಮುಟ್ಟುತ್ತವೆ ಎಂದಿಟ್ಟುಕೊಂಡರೆ, ಕಾಲು ಕಿಲೋ ಕೂಡ ಬೀಳುವುದಿಲ್ಲ. ನೀವು ಆರಾಮವಾಗಿ ನಡೆದು ಬಂದ ನೆಲದ ಮೇಲೆ ಕುರ್ಚಿ ನಿಮಗಿಂತ ಇಪ್ಪತ್ತು ಪಟ್ಟಿಗೂ ಮಿಗಿಲಾಗಿ ಒತ್ತುತ್ತಿದೆ. ಅದರಲ್ಲೂ ನಾಲ್ಕು ಕಾಲುಗಳಿಗೆ ಸಮಪಾಲು ಎಂಬುದು ಕಾಗದದ ಮೇಲಿನ ಮಾತು. ಒರಗಿದ ಕೂಡಲೇ ಹಿಂಗಾಲುಗಳ ಪಾಲು ಏರುತ್ತದೆ. ಹೂಳುವುದೂ ಅವೇ ಮೊದಲು.

ಪರೀಕ್ಷೆ ಸುಲಭ. ಕುರ್ಚಿ ಜೋಡಿಸುವ ಮೊದಲೇ ಶೂವಿನ ಹಿಮ್ಮಡಿಯನ್ನು ನೆಲಕ್ಕೆ ಊರಿ, ಇಡೀ ಮೈಭಾರ ಹಾಕಿ ಒಂದು ಸುತ್ತು ತಿರುಗಿ. ಕುಳಿ ಬಿದ್ದರೆ ಕುರ್ಚಿಯ ಕಾಲು ಖಂಡಿತ ಇಳಿಯುತ್ತದೆ. ಬರೀ ಗೀರು ಬಿದ್ದರೆ ಧೈರ್ಯವಾಗಿ ಜೋಡಿಸಿ. ಹುಲ್ಲು ಮೋಸಗಾರ. ಮೇಲೆ ಗಟ್ಟಿಯಾಗಿ ಕಾಣುತ್ತದೆ, ಬೇರಿನ ಹೆಣಿಗೆಯ ಕೆಳಗೆ ಕೆಸರಿರುತ್ತದೆ. ಕೂತ ಹೊತ್ತಿಗೆ ಸರಿಯಾಗಿರುವ ಕುರ್ಚಿ ಹತ್ತು ನಿಮಿಷದ ಮೇಲೆ ಓಲಲು ಆರಂಭಿಸಿದರೆ ಹುಲ್ಲಿನ ಈ ಮೋಸವನ್ನೇ ಮೊದಲು ಸಂಶಯಿಸಿ.

ಪರಿಹಾರವೆಂದರೆ ಟೊಪ್ಪಿಯ ಅಡಿಯ ಜಾಗವನ್ನು ಹೆಚ್ಚಿಸುವುದು, ಬೇರೆ ಮಂತ್ರವಿಲ್ಲ. 5 ಸೆಂ.ಮೀ. ಅಗಲದ ಗಟ್ಟಿ ಪ್ಲಾಸ್ಟಿಕ್ ಮುಚ್ಚಳವನ್ನು ಒಂದೊಂದು ಕಾಲಿನ ಕೆಳಗೆ ಇಟ್ಟರೂ ಒತ್ತಡ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಏಕೆಂದರೆ ಅಗಲ ಎರಡೂವರೆ ಪಟ್ಟಾದರೆ ವಿಸ್ತೀರ್ಣ ಆರು ಪಟ್ಟು ದಾಟುತ್ತದೆ. ಮುಚ್ಚಳದ ಅಂಚು ಮೇಲ್ಮುಖವಾಗಿರಲಿ, ಕಾಲು ಜಾರದು. ಇದಕ್ಕೆಂದೇ ದೊರೆಯುವ ಚೆಂಡಿನಾಕಾರದ ರಬ್ಬರ್ ಪಾದಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ತೂಕ ಸ್ವಲ್ಪ ಹೆಚ್ಚು. ನನಗೆ ಹಿಡಿಸಿದ್ದು ನೆಲಹಾಸು: ನಾಲ್ಕು ಮೂಲೆಗಳಲ್ಲಿ ಜೇಬಿರುವ ಚೌಕದ ಬಟ್ಟೆ, ಕಾಲುಗಳು ಆ ಜೇಬುಗಳಲ್ಲಿ ಕೂರುತ್ತವೆ. ಕಾಲು ಇಳಿಯಲು ಹೊರಟರೆ ಬಟ್ಟೆ ಬಿಗಿದು ತಡೆಯುತ್ತದೆ, ಕಾಲುಗಳು ಹೊರಕ್ಕೆ ಚಾಚುವುದನ್ನೂ ಹಿಡಿದಿಡುತ್ತದೆ. ಮರಳಿನಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಚಪ್ಪಟೆ ಕಲ್ಲು ಇಡುವವರಿಗೆ ಎರಡು ಮಾತು. ಹಿಂಗಾಲುಗಳಿಗೆ ಮಾತ್ರ ಕಲ್ಲು ಕೊಟ್ಟರೆ ಕುರ್ಚಿ ಮುಂದಕ್ಕೆ ವಾಲುತ್ತದೆ, ನಾಲ್ಕಕ್ಕೂ ಒಂದೇ ದಪ್ಪದ ಕಲ್ಲು ಬೇಕು. ನುಣುಪು ಕಲ್ಲಿನ ಮೇಲೆ ಒದ್ದೆ ಟೊಪ್ಪಿ ಜಾರುತ್ತದೆ. ಒರಟು ಮೈ ಮೇಲಿರಲಿ.

ಹೂತ ಕಾಲನ್ನು ಕೀಳುವಾಗ ಕುಳಿತೇ ಅಲುಗಾಡಿಸಬೇಡಿ. ಎದ್ದು ನಿಂತು, ಬಟ್ಟೆಯನ್ನಲ್ಲ, ಹಬ್ ಅನ್ನು ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಬಂದ ಮೇಲೆ ಟೊಪ್ಪಿಗಳನ್ನು ಎಣಿಸಿ. ಕೆಸರು ಹೀರಿಕೊಂಡು ಟೊಪ್ಪಿಯನ್ನು ತಾನೇ ಇಟ್ಟುಕೊಳ್ಳುವುದು ಬಹಳ. ಗಮನಿಸದೆ ಮುಂದಿನ ತಂಗುದಾಣದಲ್ಲಿ ಕೂತರೆ ಬರಿಗೊಳವೆಯ ಹರಿತ ಅಂಚು ನೆಲವನ್ನು ಅಚ್ಚಿನಂತೆ ಕೊರೆದು ಇಳಿಯುತ್ತದೆ, ಕೊಳವೆಯೊಳಗೆ ಮಣ್ಣು ತುಂಬಿಕೊಳ್ಳುತ್ತದೆ. ಆಗ ಒಂದೇ ಕಾಲು ಮತ್ತೆ ಮತ್ತೆ ಹೂಳುವ ವಿಚಿತ್ರ ರೋಗ ಶುರುವಾಗುತ್ತದೆ. ಒಂದೇ ಕಾಲು ಹೂಳುತ್ತಿದೆ ಎಂದರೆ ನಾನು ಮೊದಲು ನೋಡುವುದು ಟೊಪ್ಪಿ, ಎರಡನೆಯದಾಗಿ ನೋಡುವುದು ನನ್ನ ಚೀಲ ಯಾವ ಕಡೆ ಇದೆ ಎಂಬುದನ್ನು.

ಕುರ್ಚಿ ಕುಂಟುತ್ತದೆ

ಮೂರು ಕಾಲಿನ ಮಣೆ ಎಂಥ ನೆಲದಲ್ಲೂ ಕುಂಟುವುದಿಲ್ಲ, ಮೂರು ಬಿಂದುಗಳು ಯಾವತ್ತೂ ಒಂದೇ ಸಮತಲದಲ್ಲಿರುತ್ತವೆ. ನಾಲ್ಕನೆಯ ಕಾಲು ಬಂದದ್ದೇ ಜಗಳ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕುಂಟುತ್ತಿರುವುದು ನೆಲವೋ, ಕುರ್ಚಿಯೋ? ತೇಲುತ್ತಿರುವ ಕಾಲಿಗೆ ಒಂದು ಗುರುತು ಮಾಡಿ, ಕುರ್ಚಿಯನ್ನು ಅಲ್ಲೇ ಕಾಲುಭಾಗ ಸುತ್ತು ತಿರುಗಿಸಿ ಇಡಿ. ಈಗ ತೇಲುವುದು ಬೇರೆ ಕಾಲಾದರೆ ನೆಲದ ತಪ್ಪು. ಎಲ್ಲಿಟ್ಟರೂ ಗುರುತು ಮಾಡಿದ ಕಾಲೇ ತೇಲಿದರೆ ಚೌಕಟ್ಟಿನ ತಪ್ಪು. ಹೊರಡುವ ಹಿಂದಿನ ದಿನ ಮನೆಯ ಗಟ್ಟಿ ನೆಲದ ಮೇಲೆ ಇದನ್ನು ಮಾಡಿ ನೋಡಿದರೆ ದಾರಿಯಲ್ಲಿ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ನೆಲದ ತಪ್ಪಾದರೆ ಕಲ್ಲು ಹುಡುಕುವ ಮೊದಲು ಕುರ್ಚಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನೋಡಿ. ಇದರ ಹಿಂದೆ ಸೊಗಸಾದ ಗಣಿತವಿದೆ. ಕಾಲುಗಳು ಚೌಕವಾಗಿ ನಿಂತ ಮೇಜನ್ನು, ತೀರಾ ಕಡಿದಲ್ಲದ ಉಬ್ಬುತಗ್ಗಿನ ನೆಲದ ಮೇಲೆ ಇದ್ದಲ್ಲೇ ತಿರುಗಿಸುತ್ತ ಹೋದರೆ ಕಾಲು ಸುತ್ತಿನೊಳಗೆ ನಾಲ್ಕೂ ಕಾಲುಗಳು ಊರಿ ನಿಲ್ಲುವ ಒಂದು ಸ್ಥಾನ ಇದ್ದೇ ಇರುತ್ತದೆ ಎಂದು ಸಾಧಿಸಿ ತೋರಿಸಲಾಗಿದೆ. ನೆಲ ಮೆಟ್ಟಿಲಿನಂತೆ ಥಟ್ಟನೆ ತುಂಡಾಗಿರಬಾರದು, ಅಷ್ಟೇ ಷರತ್ತು. ಆ ಸ್ಥಾನದಲ್ಲಿ ಮೇಜು ಸಮತಟ್ಟಾಗಿರುತ್ತದೆ ಎಂಬ ಭರವಸೆಯನ್ನು ಗಣಿತ ಕೊಡುವುದಿಲ್ಲ, ಕುಂಟುವುದಿಲ್ಲ ಎಂದಷ್ಟೇ ಹೇಳುತ್ತದೆ. ನಮ್ಮ ಕುರ್ಚಿಯ ಕಾಲುಗಳು ನಿಖರ ಚೌಕವಲ್ಲ, ಕಲ್ಲುಗಳು ನೆಲವನ್ನು ಅಲ್ಲಲ್ಲಿ ತುಂಡರಿಸುತ್ತವೆ. ಆದರೂ ಹತ್ತರಲ್ಲಿ ಏಳೆಂಟು ಸಲ ನನಗೆ ಇದರಿಂದಲೇ ಕೆಲಸವಾಗಿದೆ. ಎದುರಿನ ನೋಟ ಕೊಂಚ ಓರೆಯಾಗುತ್ತದೆ, ಆಗಲಿ.

ಉರುಳುತ್ತದೆ, ಅದರಲ್ಲೂ ಹಿಂದಕ್ಕೆ

ಇಳಿಜಾರಿನಲ್ಲಿ ಕೂರುವಾಗ ಮುಖ ಇಳಿಜಾರಿನ ಕಡೆಗಿರಬೇಕು, ಬೆನ್ನು ಏರಿನ ಕಡೆಗೆ. ಬಹಳ ಮಂದಿ ತಿರುಗುಮುರುಗಾಗಿ ಇಡುತ್ತಾರೆ, ಏಕೆಂದರೆ ಏರಿಗೆ ಮುಖ ಮಾಡಿದರೆ ಬೆನ್ನು ಚೆನ್ನಾಗಿ ಒರಗಿದಂತೆ ಅನಿಸುತ್ತದೆ. ಆ ಸುಖವೇ ಅಪಾಯ. ಜೋಳಿಗೆಯಂಥ ಈ ಕುರ್ಚಿಯಲ್ಲಿ ನಿಮ್ಮ ಭಾರಕೇಂದ್ರ ಮೊದಲೇ ಹಿಂಗಾಲುಗಳ ಹತ್ತಿರ ಇರುತ್ತದೆ. ಅದು ನೆಲದಿಂದ 45 ಸೆಂ.ಮೀ. ಎತ್ತರದಲ್ಲಿ, ಹಿಂಗಾಲಿನ ಗೆರೆಗಿಂತ 15 ಸೆಂ.ಮೀ. ಮುಂದಿದೆ ಎಂದುಕೊಂಡರೆ ಹಿಂದಕ್ಕೆ ಉರುಳಲು ಬೇಕಾದ ವಾಲು ಕೇವಲ 18 ಡಿಗ್ರಿ. 10 ಡಿಗ್ರಿ ಏರಿಗೆ ಮುಖ ಮಾಡಿ ಕೂತರೆ ಉಳಿಯುವುದು 8. ಹಿಂಗಾಲು ಹೂತರೆ ಅದರಲ್ಲೂ ಕಡಿತ. ಬಾಟಲಿ ಎತ್ತಿ ಕೊನೆಯ ಗುಟುಕಿಗೆ ತಲೆ ಹಿಂದೆ ಬಾಗಿಸುವ ಹೊತ್ತಿಗೆ ಆಕಾಶ ಕಾಣುತ್ತದೆ. ಇಳಿಜಾರಿಗೆ ಮುಖ ಮಾಡಿದಾಗ ವಾಲುವುದು ಮುಂದಕ್ಕೆ, ಅಲ್ಲಿ ತಡೆಯಲು ನಿಮ್ಮದೇ ಎರಡು ಕಾಲುಗಳಿವೆ. ಅಡ್ಡಲಾಗಿ ಕೂರುವುದಂತೂ ಬೇಡವೇ ಬೇಡ. ಕೆಳಗಿನ ಪಕ್ಕದ ಎರಡು ಕಾಲುಗಳೇ ಹೆಚ್ಚಿನ ಭಾರ ಹೊರುತ್ತವೆ, ಅವುಗಳ ಪಕ್ಕದ ಹಬ್ ತಿರುಚಿಕೊಳ್ಳುತ್ತದೆ.

ಏಳುವಾಗ ಉರುಳುವವರು ಪಾದಗಳನ್ನು ಮುಂದೆ ಚಾಚಿಟ್ಟುಕೊಂಡೇ ಏಳಲು ನೋಡುತ್ತಿರುತ್ತಾರೆ. ಪಾದಗಳನ್ನು ಕುರ್ಚಿಯ ಮುಂಗಾಲುಗಳ ಸಮಕ್ಕೆ ಎಳೆದುಕೊಂಡು, ಮೂಗು ಮೊಣಕಾಲು ದಾಟುವಷ್ಟು ಮುಂದೆ ಬಾಗಿ, ಆಮೇಲೆ ಎದ್ದೇಳಿ. ನಡಿಗೆ ಕೋಲು ಇದ್ದರೆ ಅದರ ಮೇಲೆ ಭಾರ ಹಾಕಿ. ಕುರ್ಚಿಯ ಒಂದು ಮೂಲೆಯನ್ನು ಒತ್ತಿ ಏಳಬೇಡಿ. ಎದ್ದ ಮೇಲೆ ಗಾಳಿಯ ಕಾಟ ಬೇರೆ ಇದೆ. ಖಾಲಿ ಕುರ್ಚಿ ಎಂದರೆ ಅರ್ಧ ಕಿಲೋ ತೂಕದ ಹಾಯಿ. ಬೆಟ್ಟದ ಅಂಚಿನಲ್ಲಿ ಅದನ್ನು ಚೀಲದ ಪಟ್ಟಿಗೆ ಸಿಕ್ಕಿಸಿಯೇ ಆಚೀಚೆ ಹೋಗಿ.

ಕೂತರೆ ಆರಾಮವಿಲ್ಲ

ದಣಿದ ಮೈಗೆ ಏನು ಸಿಕ್ಕರೂ ಸಿಂಹಾಸನ ಎಂಬುದು ಮೊದಲ ಐದು ನಿಮಿಷದ ಮಾತು. ಅನಂತರ ಮೈ ದೂರು ಹೇಳುತ್ತದೆ, ಎಲ್ಲಿ ನೋಯುತ್ತಿದೆ ಎಂಬುದರ ಮೇಲೆ ಕಾರಣ ನಿಂತಿರುತ್ತದೆ.

ಊಟದ ಮೇಜಿನ ಕುರ್ಚಿ ಸುಮಾರು 45 ಸೆಂ.ಮೀ. ಎತ್ತರವಿದ್ದರೆ ಚಾರಣದ ಹಗುರ ಕುರ್ಚಿಗಳು 28ರಿಂದ 35 ಸೆಂ.ಮೀ. ಇರುತ್ತವೆ, ಬಟ್ಟೆ ಜಗ್ಗಿದಾಗ ಇನ್ನೂ ಕೆಳಗೆ. ಮೊಣಕಾಲು ಸೊಂಟಕ್ಕಿಂತ ಮೇಲೇರುತ್ತದೆ, ತೊಡೆಗಳು ಬಟ್ಟೆಯಿಂದ ಎದ್ದು ನಿಲ್ಲುತ್ತವೆ, ಅವು ಹೊರಬೇಕಾದ ಭಾರವೂ ಬಾಲಮೂಳೆಯ ಸುತ್ತಲೇ ಬೀಳುತ್ತದೆ, ಕೆಳಬೆನ್ನು ದುಂಡಗಾಗುತ್ತದೆ. ಕೆಳಬೆನ್ನಿನ ನೋವಿಗೆ ಇದೇ ಕಾರಣ. ಪಾದಗಳನ್ನು ಮುಂದೆ ಚಾಚಿ ತೊಡೆಯನ್ನು ಬಟ್ಟೆಗೆ ಇಳಿಸಿ, ಜಾಕೆಟ್ ಸುತ್ತಿ ಸೊಂಟದ ಹಿಂದೆ ಇಟ್ಟುಕೊಳ್ಳಿ. ಉದ್ದ ಕಾಲಿನವರಿಗೆ ಗಿಡ್ಡ ಕುರ್ಚಿ ಹೊಂದುವುದೇ ಇಲ್ಲ, ಅಲ್ಲಿ ಜಾಕೆಟ್ಟೂ ಸೋಲುತ್ತದೆ. ತೂಕ ಉಳಿಸಲು ಎತ್ತರ ಕಡಿಮೆ ಮಾಡಿದ ಮಾದರಿ ತೆಗೆದುಕೊಂಡವರು ತೆರುವ ದಂಡ ಇದು.

ತೊಡೆಯ ಹಿಂಭಾಗ ಜೋಮು ಹಿಡಿದರೆ ಕಥೆ ತದ್ವಿರುದ್ಧ. ಬಟ್ಟೆಯ ಮುಂಚೂಣಿಯ ಅಂಚು ಮೊಣಕಾಲಿನ ಹಿಂದೆ ಒತ್ತುತ್ತಿದೆ. ಅಂಚಿಗೂ ತೊಡೆಗೂ ನಡುವೆ ಅಂಗೈ ತೂರಿಸಿ ನೋಡಿ. ಸಲೀಸಾಗಿ ಹೋಗದಿದ್ದರೆ ಪಾದಗಳನ್ನು ಹತ್ತಿರಕ್ಕೆ ಎಳೆದುಕೊಳ್ಳಿ, ಇಲ್ಲವೇ ಪಾದದಡಿಗೆ ಚೀಲ ಕೊಟ್ಟು ತೊಡೆಯನ್ನು ಅಂಚಿನಿಂದ ಎತ್ತಿ. ಬೆನ್ನುನೋವಿಗೂ ಜೋಮಿಗೂ ಪರಿಹಾರ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿವೆ ಎಂಬುದನ್ನು ಗಮನಿಸಿದಿರಲ್ಲ? ಅದಕ್ಕೇ ಐದಾರು ನಿಮಿಷಕ್ಕೊಮ್ಮೆ ಪಾದದ ಜಾಗ ಬದಲಿಸುವುದೇ ಲೇಸು. ಎದ್ದು ನಡೆದಾಡಿದ ಮೇಲೂ ಜೋಮು ಇಳಿಯದಿದ್ದರೆ ಅದು ಕುರ್ಚಿಯ ದೋಷವಲ್ಲ, ವೈದ್ಯರಿಗೆ ತೋರಿಸಿ.

ಚಳಿ ಹತ್ತುತ್ತದೆ ಎನ್ನುವವರು ಕುರ್ಚಿಯ ಅಡಿಗೆ ಕೈ ಚಾಚಿ ನೋಡಿ, ಅಲ್ಲಿ ಗಾಳಿ ಓಡುತ್ತಿರುತ್ತದೆ. ನೆಲದ ತಣ್ಣನೆಯನ್ನು ಕುರ್ಚಿ ತಪ್ಪಿಸುತ್ತದೆ ನಿಜ, ಆದರೆ ತೆಳು ಬಟ್ಟೆಯ ಕೆಳಗೆ ಹಾಯುವ ಗಾಳಿ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಜಾಲರಿ ಬಟ್ಟೆಯಾದರೆ ಇನ್ನೂ ಹೆಚ್ಚು. ಗುಳ್ಳೆ ಫೋಮಿನ ಒಂದು ತುಂಡು ಹಾಸಿದರೆ ಸಾಕು.

ಕೊನೆಯ ಮೂಲೆ ಕೂಡುತ್ತಿಲ್ಲ

ಹೊಸ ಕುರ್ಚಿಯಲ್ಲಿ ನಾಲ್ಕನೆಯ ಜೇಬು ಕೊಳವೆಗೆ ಸಿಕ್ಕಿಸುವುದು ಮಲ್ಲಯುದ್ಧ. ಇದು ದೋಷವಲ್ಲ, ಬಟ್ಟೆ ಬಿಗಿಯಾಗಿರಬೇಕು ಎಂದೇ ಹಾಗೆ ಹೊಲಿದಿರುತ್ತಾರೆ. ಆದರೆ ನಿನ್ನೆ ಸುಲಭವಾಗಿ ಕೂಡಿದ್ದು ಇವತ್ತು ಕೂಡದಿದ್ದರೆ ಹಬ್‌ನ ಹತ್ತಿರ ನೋಡಿ, ಯಾವುದೋ ಕೊಳವೆ ತಿರುಗಿ ಕೂತಿರುತ್ತದೆ, ಇಲ್ಲವೇ ಬಟ್ಟೆ ಹಿಂದುಮುಂದಾಗಿರುತ್ತದೆ. ಬೆನ್ನಿನ ಕಡೆಯ ಎರಡು ಜೇಬುಗಳನ್ನು ಮೊದಲು ಸಿಕ್ಕಿಸಿ, ಕುರ್ಚಿಯನ್ನು ತೊಡೆಗಳ ನಡುವೆ ಹಿಡಿದು, ಮುಂದಿನವನ್ನು ಆಮೇಲೆ ಎಳೆಯುವುದು ನನ್ನ ಕ್ರಮ. ಬಟ್ಟೆಯನ್ನಷ್ಟೇ ಎಳೆಯುವ ಬದಲು ಇನ್ನೊಂದು ಕೈಯಿಂದ ಕೊಳವೆಯ ತುದಿಯನ್ನು ಒಳಕ್ಕೆ ಬಾಗಿಸಿ. ಮುಖವನ್ನು ಮಾತ್ರ ಪಕ್ಕಕ್ಕೆ ಇಟ್ಟುಕೊಳ್ಳಿ, ಜಾರಿದ ಕೊಳವೆ ಬಿಲ್ಲಿನಂತೆ ಚಿಮ್ಮುತ್ತದೆ, ಕಣ್ಣಿನ ಎತ್ತರಕ್ಕೇ ಬರುತ್ತದೆ.

ಬಟ್ಟೆ ಜಗ್ಗಿದೆ ಎನಿಸಿದರೆ ತೇವವಿದೆಯೇ ನೋಡಿ. ನೈಲಾನ್ ನೀರು ಹೀರಿ ಸಡಿಲವಾಗುತ್ತದೆ, ಪಾಲಿಯೆಸ್ಟರ್ ಹಾಗೆ ಮಾಡುವುದಿಲ್ಲ. ಬೆಳಗಿನ ಇಬ್ಬನಿಯಲ್ಲಿ ಜೋತುಬಿದ್ದ ಕುರ್ಚಿ ಮಧ್ಯಾಹ್ನಕ್ಕೆ ತಾನೇ ಬಿಗಿದುಕೊಂಡರೆ ರಿಪೇರಿ ಮಾಡಲು ಏನೂ ಇಲ್ಲ.

ಹರಿಯುವುದು ಹೆಚ್ಚಾಗಿ ಮೂಲೆಯ ಜೇಬು. ಜೇಬನ್ನು ಒಳಹೊರಗು ಮಾಡಿ ಬೆರಳಾಡಿಸಿ, ನೂಲು ತುಪ್ಪಳದಂತೆ ಎದ್ದಿದ್ದರೆ ಒಳಗಿನಿಂದ ಏನೋ ಉಜ್ಜುತ್ತಿದೆ. ಕೊಳವೆಯ ತುದಿಯ ಬಿರಡೆ ಬಿದ್ದುಹೋಗಿರಬಹುದು, ಜೇಬಿನ ತಳದಲ್ಲಿ ಮರಳು ಕೂತಿರಬಹುದು. ಅದನ್ನು ಸರಿಪಡಿಸದೆ ಜೇಬಿಗೆ ತೇಪೆ ಹಾಕಿದರೆ ತೇಪೆಯೂ ಹರಿಯುತ್ತದೆ. ಹೊಲಿಗೆ ಬಿಟ್ಟಿದ್ದರೆ ದಪ್ಪ ಪಾಲಿಯೆಸ್ಟರ್ ದಾರದಲ್ಲಿ ಹಳೆಯ ತೂತುಗಳಲ್ಲೇ ಮರುಹೊಲಿಗೆ ಹಾಕಿ. ನಡುಬಟ್ಟೆಯಲ್ಲಿ ಬೆಂಕಿಯ ಕಿಡಿ ಬಿದ್ದು ಆದ ತೂತಾದರೆ ಎರಡೂ ಮಗ್ಗುಲಿಗೆ, ಮೂಲೆಗಳನ್ನು ದುಂಡಗೆ ಕತ್ತರಿಸಿದ ಅಂಟುಪಟ್ಟಿ ಸಾಕು. ನೈಲಾನ್ ಬಗೆಗೆ ತಕ್ಕಂತೆ 220ರಿಂದ 260 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಶಿಬಿರದ ಬೆಂಕಿಯ ಕಿಡಿಗೆ ಅದೊಂದು ಲೆಕ್ಕವೇ ಅಲ್ಲ.

ಬಿಸಿಲು ತಿಂದ ಬಟ್ಟೆಯ ಬಗ್ಗೆ ನನಗೆ ಕರುಣೆಯಿಲ್ಲ. ಜೇಬಿನ ಒಳಗಿನ ಬಣ್ಣಕ್ಕೂ ಹೊರಗಿನದಕ್ಕೂ ದೊಡ್ಡ ಅಂತರವಿದ್ದರೆ ಅಂಚನ್ನು ಎರಡು ಕೈಗಳಲ್ಲಿ ಹಿಡಿದು ಜೋರಾಗಿ ಜಗ್ಗಿ. ಪುಡಿಪುಡಿ ಶಬ್ದ ಬಂದರೆ, ಕಾಗದದಂತೆ ಸೀಳಿದರೆ, ಹೊಲಿಯಬೇಡಿ. ಸೂಜಿಯ ತೂತುಗಳ ಸಾಲು ಅಂಚೆಚೀಟಿಯ ಅಂಚಿನಂತೆ ಹರಿಯಲು ದಾರಿ ಮಾಡಿಕೊಡುತ್ತದೆ. ಬಟ್ಟೆ ಬದಲಿಸಿ.

ಕೊಳವೆ, ದಾರ, ಹಬ್

ಎಲಾಸ್ಟಿಕ್ ದಾರ ಸಡಿಲವಾದರೆ ಗಾಬರಿ ಬೇಡ. ಅದು ಭಾರ ಹೊರುವುದಿಲ್ಲ, ತುಂಡುಗಳು ಕಳೆದುಹೋಗದಂತೆ, ತಾವಾಗಿಯೇ ಕೂಡುವಂತೆ ನೋಡಿಕೊಳ್ಳುತ್ತದೆ. ಒಳಗಿರುವುದು ರಬ್ಬರ್, ವಯಸ್ಸಾದಂತೆ ಜೀವ ಕಳೆದುಕೊಳ್ಳುತ್ತದೆ, ಕಡು ಚಳಿಯಲ್ಲಿ ತಾತ್ಕಾಲಿಕವಾಗಿಯೂ ಸೋಲುತ್ತದೆ. ಆದರೆ ಸಡಿಲ ದಾರದಿಂದ ಒಂದು ಪರೋಕ್ಷ ಅನಾಹುತವಿದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಬಿಗಿ ದಾರ ಕೊಳವೆಯ ತುಂಡುಗಳನ್ನು ಕೊನೆಯವರೆಗೆ ಎಳೆದು ಕೂರಿಸುತ್ತದೆ, ಸಡಿಲ ದಾರ ಅರ್ಧಕ್ಕೇ ಬಿಡುತ್ತದೆ. ಒಂದು ತುಂಡು ಇನ್ನೊಂದರೊಳಗೆ ಪೂರ್ತಿ ಇಳಿಯದೆ ಬೆರಳಿನಷ್ಟೇ ಇಳಿದಿದ್ದರೆ, ಕೂತಾಗ ಬೀಳುವ ಬಾಗು ಎಲ್ಲ ಆ ಗಿಡ್ಡ ಸಂದಿಯ ಮೇಲೆ ಬಂದು ಅಂಚು ಸೀಳುತ್ತದೆ. ಸಂದಿನ ಬಾಯಲ್ಲಿ ಉದ್ದಕ್ಕೆ ಬಿರುಕು ಕಂಡರೆ ಕೊಳವೆ ಕಳಪೆ ಎಂದು ತೀರ್ಮಾನಿಸುವ ಮೊದಲು ದಾರವನ್ನು ಎಳೆದು ನೋಡಿ. ದಾರದ ಒಂದು ತುದಿಯ ಗಂಟು ಬಿಚ್ಚಿ, ಸ್ವಲ್ಪ ಎಳೆದು, ಗಿಡ್ಡ ಮಾಡಿ ಕಟ್ಟಿದರೆ ಒಂದೆರಡು ವರ್ಷ ದೂಡಬಹುದು. ಎಷ್ಟು ಗಿಡ್ಡ? ತುಂಡುಗಳು ಟಕ್ಕೆಂದು ಕೂಡಬೇಕು, ಮಡಚುವಾಗ ಕೈ ಕಷ್ಟಪಡಬಾರದು. ದಾರಿಯಲ್ಲೇ ದಾರ ಕಡಿದರೆ ತುಂಡುಗಳನ್ನು ಕೈಯಿಂದಲೇ ಪೂರ್ತಿ ಒತ್ತಿ ಕೂಡಿಸಿ ಕೂರಬಹುದು. ಯಾವುದು ಯಾವುದಕ್ಕೆ ಎಂದು ಮೊದಲೇ ಗುರುತು ಹಾಕಿಟ್ಟುಕೊಂಡವರು ಜಾಣರು.

ಬಿಚ್ಚದೆ ಅಂಟಿಕೊಂಡ ಕೊಳವೆಯ ಸಂದಿನಲ್ಲಿ ಮರಳಿರುತ್ತದೆ. ನೀರು ಹೊಯ್ದು, ಎಡಕ್ಕೆ ಬಲಕ್ಕೆ ತಿರುಚುತ್ತ ಎಳೆಯಿರಿ. ಅಲುಗಾಡಿಸಿ ಕೀಳಲು ಹೋದರೆ ಬಾಯಿ ಅಗಲವಾಗುತ್ತದೆ. ಎಣ್ಣೆ ಹಾಕಬೇಡಿ, ಮುಂದಿನ ಸಲ ಇಮ್ಮಡಿ ಮರಳು ಹಿಡಿಯುತ್ತದೆ. ಕಡಲ ತೀರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ತುಂಡುಗಳನ್ನು ಬೇರ್ಪಡಿಸಿ ಒಣಗಿಸುವುದು ಕಡ್ಡಾಯ.

ಬಾಗಿದ ಕೊಳವೆಯನ್ನು ನೆಟ್ಟಗೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬಾಗಿದ ಜಾಗದಲ್ಲಿ ಅಲ್ಯೂಮಿನಿಯಂ ಆಗಲೇ ಗಡುಸಾಗಿರುತ್ತದೆ, ಹಿಂದಕ್ಕೆ ಬಗ್ಗಿಸಿದರೆ ಸೀಳುತ್ತದೆ. ಸಣ್ಣ ಬಾಗಾದರೆ ಹಾಗೇ ಬಿಡಿ. ಬಾಗಿದ ಜಾಗ ಚಪ್ಪಟೆಯಾಗಿದ್ದರೆ ಬದಲಿಸಿ. ಇನ್ನೊಂದು ಸಂಗತಿ: ಉಕ್ಕಿಗೆ ಒಂದು ಮಿತಿಯೊಳಗಿನ ಭಾರವನ್ನು ಎಷ್ಟು ಸಲ ಹೊರಿಸಿದರೂ ದಣಿವಾಗುವುದಿಲ್ಲ, ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಸಣ್ಣ ಭಾರವೂ ಸಾವಿರಾರು ಸಲವಾದರೆ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಹಳೆಯ ಕುರ್ಚಿಯಲ್ಲಿ ಹಬ್‌ನ ಹತ್ತಿರ, ಸಂದುಗಳ ಬಾಯಲ್ಲಿ ಉಗುರು ಎಳೆದು ನೋಡಿ. ಉಗುರು ತೊಡರಿಕೊಂಡ ಕಡೆ ಬಿರುಕಿದೆ.

ಮುರಿದ ಡೇರೆಗೋಲಿಗೆ ಹೊರಗೊಳವೆ ತೊಡಿಸಿ ಅಂಟುಪಟ್ಟಿ ಸುತ್ತುವ ಉಪಾಯ ಎಲ್ಲರಿಗೂ ಗೊತ್ತು. ಕುರ್ಚಿಯ ಕಾಲಿಗೆ ಅದನ್ನು ಮಾಡಿ ಕೂರಬೇಡಿ. ಡೇರೆ ಹೊರುವುದು ಬಟ್ಟೆ, ಕುರ್ಚಿ ಹೊರುವುದು ನಿಮ್ಮನ್ನು. ಕಾಲು ಮುರಿದ ದಿನ ಕುರ್ಚಿಯ ಬಟ್ಟೆಯನ್ನು ನೆಲಕ್ಕೆ ಹಾಸಿ ಕೂತರಾಯಿತು.

ಹಬ್ ಪ್ಲಾಸ್ಟಿಕ್ಕಿನದು. ಕೊಳವೆಯನ್ನು ಮೆಲ್ಲಗೆ ಪಕ್ಕಕ್ಕೆ ಒತ್ತಿದಾಗ ಹಬ್‌ನ ಬಾಯಲ್ಲಿ ಬಿಳಿ ಗೆರೆ ಮೂಡಿದರೆ ಅದರ ಆಯಸ್ಸು ಮುಗಿಯಿತು, ಅಂಟು ಹಚ್ಚಿ ಉಳಿಸುವ ಪ್ರಯತ್ನ ವ್ಯರ್ಥ. ಕಿರ್ರೆನ್ನುವ ಒಣ ಸದ್ದಿಗೆ ಹೆದರಬೇಕಿಲ್ಲ, ಧೂಳು ಒರೆಸಿದರೆ ನಿಲ್ಲುತ್ತದೆ. ನಿನ್ನೆ ಇಲ್ಲದ, ಮಗ್ಗುಲು ಬದಲಿಸಿದಾಗಲೆಲ್ಲ ಬರುವ ಟಿಕ್ ಸದ್ದಿಗೆ ಮಾತ್ರ ಕೂಡಲೇ ಎದ್ದು ನೋಡಿ.

ತೂಕದ ಮಿತಿಯ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಗುರ ಕುರ್ಚಿಯ ಮೇಲೆ 120 ಕೆ.ಜಿ. ಎಂದು ಬರೆದಿದ್ದರೆ 70 ಕೆ.ಜಿ.ಯವರು ನಿಶ್ಚಿಂತರಾಗಿರುತ್ತಾರೆ. ಆದರೆ ಭಾರವನ್ನು ನಿಧಾನವಾಗಿ ಇಳಿಸದೆ ಒಮ್ಮೆಲೇ ಬಿಟ್ಟರೆ, ಎತ್ತರದಿಂದ ಬೀಳದಿದ್ದರೂ ಚೌಕಟ್ಟಿಗೆ ಆ ಕ್ಷಣ ಇಮ್ಮಡಿ ತೂಕದ ಅನುಭವವಾಗುತ್ತದೆ. 70 ಎಂಬುದು 140 ಆಯಿತು. ಬೆನ್ನ ಮೇಲಿನ ಚೀಲವನ್ನೂ ಇಳಿಸದೆ ಧೊಪ್ಪೆಂದು ಕುಕ್ಕರಿಸುವವರ ಲೆಕ್ಕವನ್ನು ನೀವೇ ಹಾಕಿಕೊಳ್ಳಿ.

ಎಲ್ಲ ಸರಿಯಿದೆ, ಆದರೂ ಕೂರುತ್ತಿಲ್ಲ

ಇದನ್ನು ದೋಷವೆಂದು ಯಾರೂ ದೂರುವುದಿಲ್ಲ, ಆದರೆ ನಾನು ಕಂಡ ಕುರ್ಚಿಗಳಲ್ಲಿ ಹೆಚ್ಚಿನವಕ್ಕೆ ಇರುವುದು ಇದೇ. ಕುರ್ಚಿ ಚೀಲದ ತಳದಲ್ಲಿ, ಮಲಗುಚೀಲದ ಕೆಳಗೆ ಇರುತ್ತದೆ. ಹೊರತೆಗೆಯಲು ಐದು ನಿಮಿಷ, ಜೋಡಿಸಲು ಎರಡು, ಮತ್ತೆ ತುಂಬಲು ಐದು. ವಿರಾಮವೇ ಹತ್ತು ನಿಮಿಷದ್ದು. ಹಾಗಾಗಿ ಒಡೆಯರು ಕಲ್ಲಿನ ಮೇಲೆ ಕೂರುತ್ತಾರೆ, ಕುರ್ಚಿ ಬೆನ್ನ ಮೇಲೆ ಸವಾರಿ ಮಾಡುತ್ತದೆ. ಇದಕ್ಕೆ ನಾನು ಮಾಡಿಕೊಂಡ ಏರ್ಪಾಡು ಇಷ್ಟು: ಸಣ್ಣ ವಿರಾಮಗಳಿಗೆ ನೂರು ಗ್ರಾಮಿಗಿಂತ ಕಡಿಮೆ ತೂಗುವ ಫೋಮ್ ತುಂಡು ಚೀಲದ ಹೊರಪಟ್ಟಿಯಲ್ಲಿ ಇರುತ್ತದೆ, ಚಳಿಗೆ ಹಾಸಿಕೊಳ್ಳುವುದೂ ಅದನ್ನೇ. ಕುರ್ಚಿ ಪಕ್ಕದ ಜೇಬಿನಲ್ಲಿ, ನೀರಿನ ಬಾಟಲಿಯ ಎದುರು ಬದಿಗೆ. ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುವ ಕಡೆ ಮಾತ್ರ ಅದನ್ನು ಬಿಚ್ಚುತ್ತೇನೆ, ಹಿಮ್ಮಡಿ ಊರಿ ಒಂದು ಸುತ್ತು ತಿರುಗಿದ ಮೇಲೆ.